ಒಂದೇ ಲೈಸೆನ್ಸ್, ಎರಡು ಸರ್ವರ್: ‘ಡೂಪ್ಲಿಕೇಟ್’ ಎಚ್ಚರಿಕೆ ಬಂದಾಗ ಮಾಡಬೇಕಾದ್ದೇನು, ಮಾಡಬಾರದ್ದೇನು?

ತಿಂಗಳ ಕೊನೆಯ ದಿನ. ಸಂಬಳದ ಲೆಕ್ಕ, ಬಿಲ್ಲು, ತೆರಿಗೆ ಎಲ್ಲವೂ ಒಂದೇ ಸರ್ವರ್ ಮೇಲೆ ನಿಂತಿರುವ ಸಣ್ಣ ಕಚೇರಿ. ಬೆಳಗ್ಗೆ ಲಾಗಿನ್ ಆಗಲು ಹೋದರೆ ಪರದೆಯ ಮೇಲೆ ಒಂದು ಸಾಲು: ‘ಈ ಲೈಸೆನ್ಸ್ ಇನ್ನೊಂದು ಯಂತ್ರದಲ್ಲಿ ಬಳಕೆಯಲ್ಲಿದೆ’. ಗಾಬರಿಯಾದ ಸಿಬ್ಬಂದಿ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಹತ್ತು ಸಲಹೆ ಬರುತ್ತದೆ. ಐಪಿ ಬದಲಿಸಿ, ಗಡಿಯಾರ ಹಿಂದಕ್ಕೆ ತಿರುಗಿಸಿ, ಈ ಲಿಂಕ್‌ನಲ್ಲಿರುವ ಆ್ಯಕ್ಟಿವೇಟರ್ ಹಾಕಿ, ಫಾರ್ಮ್ಯಾಟ್ ಮಾಡಿಬಿಡಿ.

ಈ ಸಲಹೆಗಳಲ್ಲಿ ಕೆಲವು ಕೆಲಸಕ್ಕೆ ಬಾರದವು. ಕೆಲವು ಇರುವ ತೊಂದರೆಯನ್ನೇ ದೊಡ್ಡದು ಮಾಡುವಂಥವು. ಡೂಪ್ಲಿಕೇಟ್ ಲೈಸೆನ್ಸ್ ಎಂದರೆ ಏನು, ಯಾರೂ ಮೋಸ ಮಾಡದಿದ್ದರೂ ಅದು ಏಕೆ ಬರುತ್ತದೆ, ಸರಿಪಡಿಸುವ ಕ್ರಮ ಯಾವುದು ಎಂಬುದನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ

• ಡೂಪ್ಲಿಕೇಟ್ ಎಚ್ಚರಿಕೆ ಬಂದ ಮಾತ್ರಕ್ಕೆ ನಿಮ್ಮ ಸಾಫ್ಟ್‌ವೇರ್ ಕಳ್ಳಮಾಲು ಎಂದು ಅರ್ಥವಲ್ಲ. ಸರ್ವರ್‌ನ ಪಡಿಯಚ್ಚು ತೆಗೆದಾಗ ಅದರ ಗುರುತೂ ನಕಲಾಗಿಬಿಡುವುದು ಇದಕ್ಕೆ ತೀರಾ ಸಾಮಾನ್ಯ ಕಾರಣ.
• ಮೊದಲು ಎರಡನೇ ಯಂತ್ರ ಯಾವುದೆಂದು ಪತ್ತೆಹಚ್ಚಿ. ಅದಕ್ಕೂ ಮುಂಚೆ ಏನನ್ನೂ ಅಳಿಸಬೇಡಿ.
• ಗಡಿಯಾರ ಹಿಂದಕ್ಕೆ ತಿರುಗಿಸುವುದು ಮತ್ತು ಸಿಕ್ಕಸಿಕ್ಕ ಆ್ಯಕ್ಟಿವೇಟರ್ ಹಾಕುವುದು ಎರಡೂ ಅಪಾಯಕಾರಿ.

ಅಪ್ಲಿಕೇಶನ್ ಸರ್ವರ್ ಎಂದರೇನು?

ನೀವು ಮೊಬೈಲ್‌ನಲ್ಲಿ ಟಿಕೆಟ್ ಬುಕ್ ಮಾಡುವಾಗ ಕಾಣುವ ಪುಟ ಮುಂಬಾಗಿಲು ಇದ್ದಂತೆ. ಮಾಹಿತಿ ಕೂಡಿಟ್ಟಿರುವ ಡೇಟಾಬೇಸ್ ಹಿಂದಿನ ಉಗ್ರಾಣ. ಇವೆರಡರ ನಡುವೆ ನಿಂತು ಸೀಟು ಖಾಲಿ ಇದೆಯೇ, ಹಣ ಬಂತೇ ಎಂದು ಲೆಕ್ಕ ಹಾಕುವುದು ಅಪ್ಲಿಕೇಶನ್ ಸರ್ವರ್. ಒರಾಕಲ್‌ನ ವೆಬ್‌ಲಾಜಿಕ್, ಐಬಿಎಂನ ವೆಬ್‌ಸ್ಫಿಯರ್, ಅಡೋಬಿಯ ಕೋಲ್ಡ್‌ಫ್ಯೂಷನ್, ಅಪಾಚೆಯ ಟಾಮ್‌ಕ್ಯಾಟ್ ಈ ಗುಂಪಿನಲ್ಲಿ ಹೆಸರಾದವು.

ಎಲ್ಲದಕ್ಕೂ ಒಂದೇ ನಿಯಮವಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಟಾಮ್‌ಕ್ಯಾಟ್ ಮುಕ್ತ ತಂತ್ರಾಂಶ. ಅದನ್ನು ನೂರು ಯಂತ್ರಗಳಲ್ಲಿ ಹಾಕಿದರೂ ಲೈಸೆನ್ಸ್ ಗೊಂದಲ ಬರುವುದಿಲ್ಲ. ವೆಬ್‌ಲಾಜಿಕ್ ಹಿಂದೆ ಲೈಸೆನ್ಸ್ ಕಡತ ಕೇಳುತ್ತಿತ್ತು. 2008ರ 10.3 ಆವೃತ್ತಿಯಿಂದ ಕೇಳುವುದನ್ನು ಬಿಟ್ಟಿದೆ. ಹಾಗೆಂದು ಅದು ಉಚಿತವಲ್ಲ, ಬಳಕೆಯ ಲೆಕ್ಕ ಒಪ್ಪಂದದ ಪ್ರಕಾರವೇ ನಡೆಯುತ್ತದೆ. ಕೀ ಕೇಳಲಿಲ್ಲ ಎಂದರೆ ಹಣ ಕೊಡಬೇಕಿಲ್ಲ ಎಂದು ತಿಳಿಯುವುದು ತಪ್ಪು.

‘ಇದು ಎರಡನೆಯದು’ ಎಂದು ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗುತ್ತದೆ?

ಇದಕ್ಕೆ ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ.

1. ಯಂತ್ರಕ್ಕೆ ಕಟ್ಟಿದ ಲೈಸೆನ್ಸ್: ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸ, ಡಿಸ್ಕ್‌ನ ಸಂಖ್ಯೆ ಅಥವಾ ಯಂತ್ರದ ಹೆಸರನ್ನು ಲೈಸೆನ್ಸ್ ಕಡತದಲ್ಲಿ ಬರೆದಿರುತ್ತಾರೆ. ಕಡತಕ್ಕೆ ಡಿಜಿಟಲ್ ಸಹಿ ಇರುವುದರಿಂದ ಒಂದು ಅಕ್ಷರ ತಿದ್ದಿದರೂ ಅದು ಕೆಟ್ಟುಹೋಗುತ್ತದೆ.

2. ಹಂಚಿಕೊಳ್ಳುವ ಲೈಸೆನ್ಸ್: ಕಚೇರಿಯ ಒಂದು ಯಂತ್ರ ಲೈಸೆನ್ಸ್ ಸರ್ವರ್ ಆಗಿರುತ್ತದೆ. ಉಳಿದವು ಗ್ರಂಥಾಲಯದಿಂದ ಪುಸ್ತಕ ಪಡೆದಂತೆ ಅದರಿಂದ ಲೈಸೆನ್ಸ್ ಪಡೆದು, ಕೆಲಸ ಮುಗಿದ ಮೇಲೆ ಮರಳಿಸುತ್ತವೆ. ಫ್ಲೆಕ್ಸ್‌ನೆಟ್ ಇಂಥ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು.

3. ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುವುದು: ಕೆಲವು ಸಾಫ್ಟ್‌ವೇರ್‌ಗಳು ಶುರುವಾಗುವಾಗ ‘ನನ್ನ ಸೀರಿಯಲ್ ನಂಬರ್ ಇನ್ಯಾರ ಬಳಿಯಾದರೂ ಇದೆಯೇ?’ ಎಂದು ಅದೇ ನೆಟ್‌ವರ್ಕ್‌ನ ಎಲ್ಲ ಯಂತ್ರಗಳಿಗೂ ಸಂದೇಶ ಕಳಿಸುತ್ತವೆ. ಉತ್ತರ ಬಂದರೆ ತಾವೇ ನಿಂತುಬಿಡುತ್ತವೆ.

4. ಕಂಪನಿಗೆ ವರದಿ: ಇಂಟರ್ನೆಟ್ ಮೂಲಕ ಮಾರಾಟಗಾರರ ಸರ್ವರ್‌ಗೆ ಹೋಗಿ ಕೀ ಎಷ್ಟು ಕಡೆ ಬಳಕೆಯಾಗಿದೆ ಎಂದು ಪರೀಕ್ಷಿಸುತ್ತವೆ.

ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ತಿಳಿಯದೆ ಪರಿಹಾರ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಕದಿಯದೆಯೂ ಡೂಪ್ಲಿಕೇಟ್ ಆಗುವುದು ಹೇಗೆ?

ಒಂದೇ ನಂಬರ್ ಪ್ಲೇಟ್ ಇರುವ ಎರಡು ಬೈಕ್ ಊರಲ್ಲಿ ಓಡಾಡುತ್ತಿವೆ ಎಂದುಕೊಳ್ಳಿ. ಒಬ್ಬರು ಸಿಗ್ನಲ್ ದಾಟಿದರೆ ದಂಡ ಇನ್ನೊಬ್ಬರಿಗೆ ಬರುತ್ತದೆ. ಸರ್ವರ್‌ಗಳ ಲೋಕದಲ್ಲಿ ಇಂಥ ಜೋಡಿ ಪ್ಲೇಟ್ ತಯಾರಾಗುವುದು ಬಹಳ ಸುಲಭ.

ಇಂದು ಹೆಚ್ಚಿನ ಸರ್ವರ್‌ಗಳು ವರ್ಚುವಲ್ ಯಂತ್ರಗಳು. ಅಂದರೆ ಒಂದು ದೊಡ್ಡ ಕಂಪ್ಯೂಟರ್‌ನೊಳಗೆ ಕಡತಗಳ ರೂಪದಲ್ಲಿರುವ ಹಲವು ಕಂಪ್ಯೂಟರ್‌ಗಳು. ಕಡತ ನಕಲು ಮಾಡಿದರೆ ಇಡೀ ಸರ್ವರ್ ನಕಲಾಗುತ್ತದೆ, ಅದರ ಗುರುತೂ ಸೇರಿ. ವಿಎಂವೇರ್‌ನಲ್ಲಿ ಹೀಗೆ ನಕಲು ಮಾಡಿದ ಯಂತ್ರವನ್ನು ಮೊದಲ ಸಲ ಶುರು ಮಾಡಿದಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ನೀವು ಸ್ಥಳಾಂತರ ಮಾಡಿದ್ದೋ, ನಕಲು ಮಾಡಿದ್ದೋ? ‘ನಕಲು ಮಾಡಿದೆ’ ಎಂದರೆ ಹೊಸ ಗುರುತು ಸಂಖ್ಯೆ ಮತ್ತು ಹೊಸ ಮ್ಯಾಕ್ ವಿಳಾಸ ಕೊಡುತ್ತದೆ. ಅವಸರದಲ್ಲಿ ‘ಸ್ಥಳಾಂತರ ಮಾಡಿದೆ’ ಎಂದು ಒತ್ತಿದರೆ ಹಳೆಯ ಗುರುತೇ ಉಳಿಯುತ್ತದೆ. ಮೂಲ ಯಂತ್ರವೂ ಓಡುತ್ತಿದ್ದರೆ ಅಲ್ಲಿಗೆ ಜಗಳ ಶುರು.

ಲಿನಕ್ಸ್‌ನಲ್ಲೂ ಇದೇ ಕತೆ. ಪ್ರತಿ ಯಂತ್ರಕ್ಕೂ ಇಟಿಸಿ ಫೋಲ್ಡರ್‌ನಲ್ಲಿ ಮಷೀನ್ ಐಡಿ ಎಂಬ ಸಣ್ಣ ಕಡತವಿರುತ್ತದೆ. ಕ್ಲೋನ್ ಮಾಡಿದಾಗ ಅದೂ ಹಾಗೆಯೇ ಬರುತ್ತದೆ. ಉಬುಂಟು 18.04ರಂಥ ವ್ಯವಸ್ಥೆಗಳಲ್ಲಿ ಐಪಿ ವಿಳಾಸ ಕೇಳುವಾಗ ಈ ಐಡಿಯಿಂದ ಮಾಡಿದ ಗುರುತನ್ನೇ ಕಳಿಸುವುದರಿಂದ, ಮ್ಯಾಕ್ ವಿಳಾಸ ಬೇರೆಯಿದ್ದರೂ ಎರಡು ಕ್ಲೋನ್‌ಗಳಿಗೆ ಒಂದೇ ಐಪಿ ಸಿಗುವುದುಂಟು.

ಉಳಿದ ಕಾರಣಗಳು ಇನ್ನೂ ಸರಳ. ಹೊಸ ಸರ್ವರ್‌ಗೆ ಬದಲಾದ ಮೇಲೆ ಹಳೆಯದನ್ನು ಆರಿಸಲು ಮರೆತಿರುತ್ತಾರೆ. ಪರೀಕ್ಷೆಗೆಂದು ಬ್ಯಾಕಪ್‌ನಿಂದ ಎಬ್ಬಿಸಿದ ಯಂತ್ರ ನೆಟ್‌ವರ್ಕ್‌ಗೆ ಸೇರಿಕೊಂಡಿರುತ್ತದೆ. ಅಪಘಾತಕ್ಕೆಂದು ಕಾದಿರಿಸಿದ ಎರಡನೇ ಸರ್ವರ್ ವಿದ್ಯುತ್ ಹೋಗಿ ಬಂದಾಗ ತಾನಾಗಿ ಎದ್ದಿರುತ್ತದೆ.

ಒಂದು ನಿಜ ಉದಾಹರಣೆ: 10 ಸರ್ವರ್ ಇದ್ದರೂ ಲೆಕ್ಕಕ್ಕೆ 1

ಸಂಸ್ಥೆಗಳಲ್ಲಿ ವಿಂಡೋಸ್ ಸಕ್ರಿಯಗೊಳಿಸಲು ಮೈಕ್ರೋಸಾಫ್ಟ್‌ನ ಕೆಎಂಎಸ್ ಎಂಬ ವ್ಯವಸ್ಥೆ ಇದೆ. ಕಚೇರಿಯೊಳಗಿನ ಒಂದು ಯಂತ್ರ ಉಳಿದವಕ್ಕೆ ಅನುಮತಿ ಕೊಡುತ್ತದೆ. ಆದರೆ ಅದಕ್ಕೊಂದು ಷರತ್ತು. ವಿಂಡೋಸ್ ಸರ್ವರ್‌ಗಳಾದರೆ ಕನಿಷ್ಠ 5, ಸಾಮಾನ್ಯ ವಿಂಡೋಸ್ ಕಂಪ್ಯೂಟರ್‌ಗಳಾದರೆ ಕನಿಷ್ಠ 25 ಯಂತ್ರಗಳು ಬಂದು ಕೇಳುವವರೆಗೆ ಅದು ಯಾರಿಗೂ ಅನುಮತಿ ಕೊಡುವುದಿಲ್ಲ. ಸಿಕ್ಕ ಅನುಮತಿ 180 ದಿನ ನಡೆಯುತ್ತದೆ. ಯಂತ್ರಗಳು ಸಾಮಾನ್ಯವಾಗಿ 7 ದಿನಕ್ಕೊಮ್ಮೆ ಹೋಗಿ ಅದನ್ನು ನವೀಕರಿಸಿಕೊಳ್ಳುತ್ತವೆ.

ಯಂತ್ರಗಳನ್ನು ಎಣಿಸುವುದು ಸಿಎಂಐಡಿ ಎಂಬ ಗುರುತಿನಿಂದ. ಒಂದು ಸರ್ವರ್ ಸಿದ್ಧಪಡಿಸಿ, ಸಿಸ್‌ಪ್ರೆಪ್ ಮಾಡದೆ ಅದರ 10 ಪಡಿಯಚ್ಚು ತೆಗೆದರೆ ಹತ್ತಕ್ಕೂ ಒಂದೇ ಸಿಎಂಐಡಿ ಇರುತ್ತದೆ. ಕೆಎಂಎಸ್ ಕಣ್ಣಿಗೆ ಅದು ಒಂದೇ ಯಂತ್ರ ಹತ್ತು ಸಲ ಬಂದಂತೆ. ಎಣಿಕೆ 1ರಲ್ಲೇ ನಿಲ್ಲುತ್ತದೆ, ‘ಎಣಿಕೆ ಸಾಲದು’ ಎಂಬ ದೋಷ ಬರುತ್ತದೆ. ಕೀ ಸರಿಯಾಗಿದೆ, ಹಣವೂ ಪಾವತಿಯಾಗಿದೆ, ಆದರೂ ಕೆಲಸ ಆಗುವುದಿಲ್ಲ. ಇಂಥಲ್ಲಿ ಹೊಸ ಕೀ ಕೊಂಡರೂ ಪ್ರಯೋಜನವಿಲ್ಲ.

ಪರೀಕ್ಷಿಸುವುದು ಸುಲಭ. ಎಸ್‌ಎಲ್‌ಎಂಜಿಆರ್ ಆದೇಶಕ್ಕೆ ಡಿಎಲ್‌ವಿ ಆಯ್ಕೆ ಕೊಟ್ಟು ಎರಡು ಯಂತ್ರಗಳಲ್ಲಿ ನೋಡಿ. ಸಿಎಂಐಡಿ ಒಂದೇ ಆಗಿದ್ದರೆ ಕಾರಣ ಸಿಕ್ಕಿತು. ಅದೇ ಆದೇಶದ ರೀಆರ್ಮ್ ಆಯ್ಕೆ ಹೊಸ ಸಿಎಂಐಡಿ ಕೊಡುತ್ತದೆ. ಆದರೆ ಅದನ್ನು ಎಷ್ಟು ಸಲ ಬಳಸಬಹುದು ಎಂಬುದಕ್ಕೆ ಮಿತಿ ಇದೆ. ಮೂಲ ಅಚ್ಚಿಗೇ ಸಿಸ್‌ಪ್ರೆಪ್‌ನ ಜನರಲೈಸ್ ಆಯ್ಕೆ ಕೊಟ್ಟು ಆಮೇಲೆ ಕ್ಲೋನ್ ಮಾಡುವುದೇ ಸರಿಯಾದ ದಾರಿ.

‘ಎಸ್‌ಐಡಿ ಒಂದೇ ಇದ್ದರೂ ಪರವಾಗಿಲ್ಲ’: ಹಳತಾದ ಸತ್ಯ

ಈ ಮಾತನ್ನು ಇಂದಿಗೂ ಅನೇಕರು ಹೇಳುತ್ತಾರೆ. ಇದಕ್ಕೆ ಹಿನ್ನೆಲೆ ಇದೆ. ವಿಂಡೋಸ್ ಯಂತ್ರಗಳಿಗೆ ಎಸ್‌ಐಡಿ ಎಂಬ ಭದ್ರತಾ ಗುರುತು ಇರುತ್ತದೆ. ಕ್ಲೋನ್‌ಗಳ ಎಸ್‌ಐಡಿ ಬದಲಿಸಲು ನ್ಯೂಸಿಡ್ ಎಂಬ ಸಾಧನವನ್ನು ಕೊಟ್ಟಿದ್ದವರೇ ಸಿಸ್‌ಇಂಟರ್ನಲ್ಸ್‌ನ ಮಾರ್ಕ್ ರುಸಿನೊವಿಚ್. ಅವರು 2009ರ ನವೆಂಬರ್‌ನಲ್ಲಿ, ಯಂತ್ರದ ಎಸ್‌ಐಡಿ ಒಂದೇ ಇದ್ದರೆ ತೊಂದರೆ ಎಂಬುದು ಕಟ್ಟುಕತೆ ಎಂದು ಬರೆದು ಆ ಸಾಧನವನ್ನು ಹಿಂತೆಗೆದುಕೊಂಡರು. ಆದರೂ ಕ್ಲೋನ್ ಮಾಡುವ ಮುನ್ನ ಸಿಸ್‌ಪ್ರೆಪ್ ಬೇಕೇ ಬೇಕು ಎಂಬ ಮೈಕ್ರೋಸಾಫ್ಟ್ ನಿಯಮ ಆಗಲೂ ಇತ್ತು. ಜನ ಮೊದಲರ್ಧ ನೆನಪಿಟ್ಟುಕೊಂಡರು, ಎರಡನೆಯದನ್ನು ಬಿಟ್ಟರು.

2025ರಲ್ಲಿ ಪರಿಸ್ಥಿತಿ ಬದಲಾಯಿತು. ವಿಂಡೋಸ್ 11ರ ಹೊಸ ಆವೃತ್ತಿಗಳು ಮತ್ತು ವಿಂಡೋಸ್ ಸರ್ವರ್ 2025ಕ್ಕೆ ಆ ವರ್ಷದ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳು ಎಸ್‌ಐಡಿಯನ್ನು ಬಿಗಿಯಾಗಿ ಪರಿಶೀಲಿಸತೊಡಗಿದವು. ಒಂದೇ ಎಸ್‌ಐಡಿ ಇರುವ ಯಂತ್ರಗಳ ನಡುವೆ ಲಾಗಿನ್ ವಿಫಲವಾಗತೊಡಗಿತು. ಇಂಥ ಯಂತ್ರಗಳನ್ನು ಸರಿಯಾದ ವಿಧಾನದಲ್ಲಿ ಮತ್ತೆ ಕಟ್ಟುವುದೇ ಶಾಶ್ವತ ಪರಿಹಾರ ಎಂಬುದು ಮೈಕ್ರೋಸಾಫ್ಟ್ ಕೊಟ್ಟಿರುವ ಉತ್ತರ. ಆದ್ದರಿಂದ ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಸರಿಪಡಿಸುವ ಕ್ರಮ

ಹಂತ 1: ಏನನ್ನೂ ಅಳಿಸಬೇಡಿ. ದೋಷ ಸಂದೇಶದ ಪೂರ್ಣ ಪಠ್ಯ, ಸಮಯ, ಲಾಗ್ ಕಡತ ಮತ್ತು ಈಗಿರುವ ಲೈಸೆನ್ಸ್ ಕಡತದ ಪ್ರತಿ ತೆಗೆದಿಡಿ.

ಹಂತ 2: ಸಂದೇಶ ಏನು ಹೇಳುತ್ತಿದೆ ಎಂದು ಓದಿ. ಎಲ್ಲ ಲೈಸೆನ್ಸ್ ದೋಷವೂ ಡೂಪ್ಲಿಕೇಟ್ ಅಲ್ಲ. ಫ್ಲೆಕ್ಸ್‌ನೆಟ್‌ನಲ್ಲಿ ಮೈನಸ್ 4 ಎಂದರೆ ಕೊಂಡಷ್ಟೂ ಲೈಸೆನ್ಸ್ ಬಳಕೆಯಲ್ಲಿದೆ ಎಂದು. ಮೈನಸ್ 9 ಎಂದರೆ ಯಂತ್ರದ ಗುರುತು ಕಡತದಲ್ಲಿರುವುದಕ್ಕೆ ಹೊಂದುತ್ತಿಲ್ಲ. ಮೈನಸ್ 10 ಎಂದರೆ ಅವಧಿ ಮುಗಿದಿದೆ. ಮೈನಸ್ 15 ಎಂದರೆ ಲೈಸೆನ್ಸ್ ಸರ್ವರ್ ಸಂಪರ್ಕಕ್ಕೇ ಸಿಗುತ್ತಿಲ್ಲ. ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಕೋಲ್ಡ್‌ಫ್ಯೂಷನ್‌ನ ಡೆವಲಪರ್ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅದು ತನ್ನ ಯಂತ್ರವಲ್ಲದೆ ಹೊರಗಿನ ಎರಡು ಐಪಿಗಳಿಗೆ ಮಾತ್ರ ತೆರೆಯುತ್ತದೆ. ಮೂರನೆಯವರಿಗೆ ಬರುವ ಲೈಸೆನ್ಸ್ ದೋಷವನ್ನು ಡೂಪ್ಲಿಕೇಟ್ ಎಂದು ತಿಳಿದರೆ ದಾರಿ ತಪ್ಪಿದಂತೆ.

ಹಂತ 3: ಎರಡನೇ ಯಂತ್ರವನ್ನು ಹುಡುಕಿ. ದೋಷ ಸಂದೇಶದಲ್ಲಿ ಅದರ ಹೆಸರು ಅಥವಾ ಐಪಿ ಇರುವುದುಂಟು. ಹಂಚಿಕೊಳ್ಳುವ ಲೈಸೆನ್ಸ್ ಆಗಿದ್ದರೆ ಎಲ್‌ಎಂಸ್ಟಾಟ್ ಆದೇಶ ಯಾರು, ಯಾವ ಯಂತ್ರದಿಂದ, ಯಾವಾಗ ಪಡೆದರು ಎಂದು ತೋರಿಸುತ್ತದೆ. ವರ್ಚುವಲ್ ಯಂತ್ರಗಳ ಪಟ್ಟಿಯಲ್ಲಿ ಕ್ಲೋನ್, ಟೆಸ್ಟ್, ಹಳೆಯದು ಎಂಬ ಹೆಸರಿನವನ್ನು ಮೊದಲು ನೋಡಿ.

ಹಂತ 4: ಲೈಸೆನ್ಸ್ ಯಾರದು ಎಂದು ಕಾಗದ ನೋಡಿ ನಿರ್ಧರಿಸಿ. ಖರೀದಿ ಬಿಲ್ಲು ಮತ್ತು ಒಪ್ಪಂದದಲ್ಲಿ ಎಷ್ಟು ಸರ್ವರ್‌ಗೆ, ಎಷ್ಟು ಪ್ರೊಸೆಸರ್‌ಗೆ, ಕಾದಿರಿಸಿದ ಸರ್ವರ್‌ಗೆ ಅನುಮತಿ ಇದೆಯೇ ಎಂದು ಬರೆದಿರುತ್ತದೆ. ಮೊದಲು ಶುರುವಾದದ್ದೇ ಅಸಲಿ ಎಂದೇನಿಲ್ಲ.

ಹಂತ 5: ಬೇಡದ ಯಂತ್ರದಲ್ಲಿ ಸೇವೆಯನ್ನು ಕ್ರಮವಾಗಿ ನಿಲ್ಲಿಸಿ. ಪ್ಲಗ್ ಕಿತ್ತರೆ ಪಡೆದ ಲೈಸೆನ್ಸ್ ತಕ್ಷಣ ಮರಳದೆ ಸ್ವಲ್ಪ ಹೊತ್ತು ಬಳಕೆಯಲ್ಲಿರುವಂತೆಯೇ ಕಾಣಬಹುದು. ಆ ಯಂತ್ರದಲ್ಲಿ ಯಾರಾದರೂ ಹೊಸ ಮಾಹಿತಿ ತುಂಬಿದ್ದಾರೆಯೇ ಎಂದು ಆರಿಸುವ ಮುನ್ನ ವಿಚಾರಿಸಿ. ಎರಡು ಸರ್ವರ್ ಜೊತೆಗೆ ಓಡಿದ್ದರೆ ಅರ್ಧ ಬಿಲ್ಲು ಇಲ್ಲಿ, ಅರ್ಧ ಅಲ್ಲಿ ಉಳಿದಿರಬಹುದು. ಲೈಸೆನ್ಸ್ ಮತ್ತೆ ಪಡೆಯಬಹುದು, ಕಳೆದುಹೋದ ಮಾಹಿತಿ ಮರಳದು.

ಹಂತ 6: ಎರಡೂ ಬೇಕಿದ್ದರೆ ಹೊಸ ಗುರುತು ಕೊಡಬೇಕಾದ್ದು ಕ್ಲೋನ್‌ಗೆ, ಮೂಲಕ್ಕಲ್ಲ. ಮೂಲದ ಮ್ಯಾಕ್ ವಿಳಾಸ ಬದಲಿಸಿದರೆ ಸರಿಯಿದ್ದ ಲೈಸೆನ್ಸೂ ಕೆಡುತ್ತದೆ. ಲಿನಕ್ಸ್ ಕ್ಲೋನ್‌ನಲ್ಲಿ ಮಷೀನ್ ಐಡಿ ಕಡತವನ್ನು ಅಳಿಸದೆ ಖಾಲಿ ಮಾಡಿ ಮರುಚಾಲನೆ ಮಾಡಿದರೆ ಹೊಸ ಗುರುತು ಹುಟ್ಟುತ್ತದೆ. ನಂತರ ಆ ಯಂತ್ರಕ್ಕೆ ಬೇರೆ ಲೈಸೆನ್ಸ್ ಅಥವಾ ಪರೀಕ್ಷಾ ಲೈಸೆನ್ಸ್ ಪಡೆಯಿರಿ.

ಹಂತ 7: ಸರ್ವರ್ ಬದಲಾಗಿದ್ದರೆ ಮಾರಾಟಗಾರರಿಂದ ಹೊಸ ಯಂತ್ರದ ಹೆಸರಿಗೆ ಲೈಸೆನ್ಸ್ ಬರೆಸಿಕೊಳ್ಳಿ. ಕಡತವನ್ನು ನೀವೇ ತಿದ್ದಿದರೆ ಅದು ನಡೆಯುವುದಿಲ್ಲ.

ಹಂತ 8: ಒಂದೇ ಯಂತ್ರದೊಳಗೂ ಜೋಡಿ ಇರಬಹುದು. ನವೀಕರಣದ ನಂತರ ಹಳೆಯ ಮತ್ತು ಹೊಸ ಲೈಸೆನ್ಸ್ ಕಡತಗಳೆರಡೂ ಉಳಿದಿದ್ದರೆ ಸಾಫ್ಟ್‌ವೇರ್ ಹಳೆಯದನ್ನೇ ಓದಬಹುದು. ಫ್ಲೆಕ್ಸ್‌ನೆಟ್‌ನಲ್ಲಿ ಒಂದೇ ಹೆಸರಿನ ಎರಡು ‘ಫೀಚರ್’ ಸಾಲುಗಳಿದ್ದರೆ ಮೊದಲನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ, ‘ಇನ್ಕ್ರಿಮೆಂಟ್’ ಸಾಲುಗಳಾದರೆ ಕೂಡುತ್ತವೆ. 10 ಲೈಸೆನ್ಸ್ ಕೊಂಡು 5 ಮಾತ್ರ ಕಾಣುತ್ತಿದ್ದರೆ ಮೊದಲು ಇಲ್ಲಿ ನೋಡಿ. ಹಳೆಯ ಕಡತವನ್ನು ಬೇರೆಡೆ ಸರಿಸಿ ಮತ್ತೆ ಓದಿಸಿ.

ಫಾರ್ವರ್ಡ್ ಸಲಹೆಗಳು: ನಿಜವೆಷ್ಟು?

‘ಐಪಿ ಬದಲಿಸಿದರೆ ಸರಿಯಾಗುತ್ತದೆ.’ ಅರ್ಧಸತ್ಯ. ಒಂದೇ ಐಪಿಯ ಜಗಳವಾಗಿದ್ದರೆ ನೆಟ್‌ವರ್ಕ್ ಸರಿಹೋಗುತ್ತದೆ. ಲೈಸೆನ್ಸ್ ಮ್ಯಾಕ್ ವಿಳಾಸಕ್ಕೋ ಸೀರಿಯಲ್ ನಂಬರಿಗೋ ಕಟ್ಟಿದ್ದರೆ ಏನೂ ಬದಲಾಗದು.

‘ಗಡಿಯಾರ ಹಿಂದಕ್ಕೆ ತಿರುಗಿಸಿ.’ ಅಪಾಯಕಾರಿ. ಅವಧಿ ಮುಗಿದದ್ದಕ್ಕೂ ಡೂಪ್ಲಿಕೇಟ್‌ಗೂ ಸಂಬಂಧವೇ ಇಲ್ಲ. ಗಡಿಯಾರ ಹಿಂದೆ ಹೋದದ್ದನ್ನು ಗುರುತಿಸಲು ಫ್ಲೆಕ್ಸ್‌ನೆಟ್‌ನಲ್ಲಿ ಮೈನಸ್ 88 ಎಂಬ ಪ್ರತ್ಯೇಕ ದೋಷವೇ ಇದೆ. ವಿಂಡೋಸ್ ನೆಟ್‌ವರ್ಕ್‌ನ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ, ಲಾಗಿನ್ ನಿಲ್ಲುತ್ತದೆ. ಬಿಲ್ಲುಗಳ ದಿನಾಂಕವೂ ತಪ್ಪುತ್ತದೆ. ಇದಲ್ಲದೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ದೇಶದ ಕಂಪನಿಗಳು ತಮ್ಮ ವ್ಯವಸ್ಥೆಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅದಕ್ಕೆ ತಾಳೆಯಾಗುವ ಸಮಯಕ್ಕೆ ಹೊಂದಿಸಬೇಕು.

‘ಈ ಆ್ಯಕ್ಟಿವೇಟರ್ ಹಾಕಿ.’ ಬೇಡವೇ ಬೇಡ. ಕೆಎಂಎಸ್‌ಪಿಕೊ ಎಂಬ ಆ್ಯಕ್ಟಿವೇಟರ್ ಹೆಸರಿನಲ್ಲಿ ಹಂಚಿದ ನಕಲಿ ಇನ್‌ಸ್ಟಾಲರ್‌ಗಳ ಮೂಲಕ ಕ್ರಿಪ್ಟ್‌ಬಾಟ್ ಎಂಬ ಕುತಂತ್ರಾಂಶ ಹರಡುತ್ತಿದ್ದುದನ್ನು ರೆಡ್ ಕೆನರಿ ಭದ್ರತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಬಯಲು ಮಾಡಿತು. ಅದು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕ್ರಿಪ್ಟೊ ವಾಲೆಟ್‌ಗಳನ್ನೂ ಕದಿಯುತ್ತಿತ್ತು. ಸರ್ವರ್‌ನಲ್ಲಿ ಇದನ್ನು ಹಾಕಿದರೆ ಕಚೇರಿಯ ಬೀಗದ ಕೈಯನ್ನೇ ಕಳ್ಳನಿಗೆ ಕೊಟ್ಟಂತೆ.

‘ಫಾರ್ಮ್ಯಾಟ್ ಮಾಡಿ.’ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಎರಡನೇ ಯಂತ್ರ ಓಡುತ್ತಲೇ ಇದ್ದರೆ ಅದೇ ಎಚ್ಚರಿಕೆ ಮತ್ತೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಸಾಫ್ಟ್‌ವೇರ್‌ನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಅಂದರೆ ಬ್ಯಾಕಪ್ ಇಡುವುದು ಅಪರಾಧವಲ್ಲ. ಆ ಪ್ರತಿಯನ್ನು ಇನ್ನೊಂದು ಸರ್ವರ್ ಆಗಿ ಓಡಿಸುವುದು ಬೇರೆ ಮಾತು. ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 63ಬಿ ಸೆಕ್ಷನ್ ಅನ್ವಯಿಸುತ್ತದೆ. ಶಿಕ್ಷೆ 7 ದಿನದಿಂದ 3 ವರ್ಷದವರೆಗೆ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದಲ್ಲಿ ಜೈಲು ವಿಧಿಸದೆ 50 ಸಾವಿರ ರೂಪಾಯಿವರೆಗಿನ ದಂಡ ಮಾತ್ರ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ.

ಈ ಸೆಕ್ಷನ್‌ನಲ್ಲಿ ‘ಗೊತ್ತಿದ್ದೂ’ ಎಂಬುದು ಮುಖ್ಯ. ಕ್ಲೋನ್ ತಪ್ಪಿನಿಂದ ಎಚ್ಚರಿಕೆ ಬಂದಾಗ ತಕ್ಷಣ ಸರಿಪಡಿಸಿ, ಏನಾಯಿತು ಎಂದು ಬರೆದಿಟ್ಟು, ಮಾರಾಟಗಾರರಿಗೆ ತಿಳಿಸಿದರೆ ಅದು ನಿಮ್ಮ ಪ್ರಾಮಾಣಿಕತೆಗೆ ದಾಖಲೆ. ಎಚ್ಚರಿಕೆಯನ್ನು ಬಚ್ಚಿಟ್ಟು ಮುಂದುವರಿಸಿದರೆ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳುವುದು ಕಷ್ಟ.

ಮತ್ತೆ ಆಗದಂತೆ

ಯಾವ ಲೈಸೆನ್ಸ್, ಯಾವ ಸರ್ವರ್, ಯಾವ ಮ್ಯಾಕ್ ವಿಳಾಸ, ಎಂದು ಮುಗಿಯುತ್ತದೆ ಎಂಬ ಒಂದು ಪುಟದ ಪಟ್ಟಿ ಇಡಿ. ಕ್ಲೋನ್ ಮಾಡುವ ಮೂಲ ಅಚ್ಚಿನಲ್ಲಿ ಲೈಸೆನ್ಸ್ ಹಾಕಬೇಡಿ, ಕ್ಲೋನ್ ಆದ ಮೇಲೆ ಹಾಕಿ. ಪರೀಕ್ಷೆಯ ಯಂತ್ರಗಳನ್ನು ಬೇರೆ ನೆಟ್‌ವರ್ಕ್‌ನಲ್ಲಿಡಿ. ಹಳೆಯ ಸರ್ವರ್ ನಿವೃತ್ತಿಯಾದ ದಿನವೇ ಅದರ ಲೈಸೆನ್ಸ್ ಮರಳಿಸಿ.

ನಾವು ಕಂಡುಕೊಂಡದ್ದಿಷ್ಟು: ಡೂಪ್ಲಿಕೇಟ್ ಲೈಸೆನ್ಸ್ ಎಚ್ಚರಿಕೆ ಹೆಚ್ಚಾಗಿ ಗುರುತಿನ ಗೊಂದಲವೇ ಹೊರತು ಸರ್ವರ್ ಹಾಳಾದ ಸೂಚನೆಯಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ‘ಗಡಿಯಾರ ತಿರುಗಿಸಿ’ ಎಂದೋ ‘ಈ ಲಿಂಕ್ ಒತ್ತಿ’ ಎಂದೋ ಕಳಿಸಿದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಬದಲಿಗೆ ಒಂದೇ ಪ್ರಶ್ನೆ ಕೇಳಿ: ಎರಡನೇ ಯಂತ್ರ ಯಾವುದು?